ಇಸ್ತ್ರಿಯ ಹಬೆಯಲ್ಲಿ ಗ್ರೀನ್ ಟೀ

ಮನೆಯಿಂದ,
ಸೋಮವಾರ, ಮಾರ್ಚ್ ೯, ಬೆಳಿಗ್ಗೆ

ಪ್ರೀತಿಯ ಜೀರಿಗೆ,

ಹೇಗಿದ್ದೀಯ ಮಗಳೇ? ಬೆನ್ನುನೋವು ಕಡಿಮೆಯಾಯಿತೇ? ಹಡಗಿನ ಎಂಜಿನ್ ಕೋಣೆಯ ಸೆಕೆಯಲ್ಲಿ ನೀನು ನೀರು ಕುಡಿಯುವುದನ್ನೇ ಮರೆಯುತ್ತೀಯೆಂದು ನಿನ್ನಮ್ಮ ಸದಾ ಗೊಣಗುತ್ತಿದ್ದಳು. ಆ ಗೊಣಗುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ, ಅವಳಷ್ಟು ಚೆನ್ನಾಗಿ ಬರುವುದಿಲ್ಲ. ನಾನು ಚೆನ್ನಾಗಿದ್ದೇನೆ. ಐ ಆಮ್ ಕ್ವೈಟ್ ವೆಲ್ ಆಂಡ್ ಹೋಪ್ ದಿಸ್ ಲೆಟರ್ ಫೈಂಡ್ಸ್ ಯೂ ಇನ್ ದಿ ಸೇಮ್... ಕಾಲೇಜಿನಲ್ಲಿ ಬಾಯಿಪಾಠ ಮಾಡಿಸಿದ ವಾಕ್ಯ, ಬಾಲ ಕಳಚಿ ಹೋಗಿದೆ. ನೀನೇ ತುಂಬಿಸಿಕೋ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಕನ್ನಡಕದ ಅಂಗಡಿಗೆ ಅರ್ಧ ದಿನ ಹೋಗಿಬರುತ್ತೇನೆ. ಗಾಜು ಉಜ್ಜುತ್ತ ಕೂತರೆ ಹೊತ್ತು ಹೋಗುತ್ತದೆ. ಅಡುಗೆ ಪರವಾಗಿಲ್ಲ, ಉಪ್ಪು ಒಮ್ಮೆ ಮರೆಯುತ್ತೇನೆ, ಇನ್ನೊಮ್ಮೆ ಆ ಮರೆತದ್ದನ್ನೂ ಸೇರಿಸಿ ಹಾಕುತ್ತೇನೆ.

ಈಗ ನಿನಗೆ ಹೇಳಲೇಬೇಕಾದ ಒಂದು ಸುದ್ದಿ. ಫೋನಿನಲ್ಲಿ ಹೇಳಲು ಎಷ್ಟೋ ಸಲ ಬಾಯಿ ತೆರೆದೆ, ಆಗಲಿಲ್ಲ. ನಿನ್ನಮ್ಮ ಹೋದ ದಿನ ನೀನು ನಡುಸಮುದ್ರದಲ್ಲಿದ್ದೆ. ಸುದ್ದಿ ನಿನಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅದು ಯಾರ ತಪ್ಪೂ ಅಲ್ಲ ಕಂದಾ, ಆ ಮಾತನ್ನು ನಿನ್ನ ಮನಸ್ಸಿನಲ್ಲಿ ಚೆನ್ನಾಗಿ ಇಟ್ಟುಕೋ. ಆಗ ಫೋನಿನಲ್ಲಿ ನೀನು ಅಳಲಿಲ್ಲ. ಎಂಜಿನ್ನಿನ ಅಳತೆ ಓದಿ ಹೇಳುವವರ ಧ್ವನಿಯಲ್ಲಿ ಒಂದೇ ಒಂದು ಕೇಳಿದೆ: ‘ಅಪ್ಪಾ, ಅಮ್ಮನ ಬೀರು ತೆಗೀಬೇಡ. ನಾನು ಬಂದು ತೆಗೀತೀನಿ. ಅದ್ರೊಳಗೆ ಅಮ್ಮನ ವಾಸನೆ ಇರತ್ತೆ. ಅದೊಂದನ್ನ ನಂಗಿಟ್ಟಿರು.’ ಇಟ್ಟಿರುತ್ತೇನೆ ಅಂದೆ. ಬೀರುವಿಗೆ ಬೀಗವನ್ನೂ ಹಾಕಿದೆ. ಕೀಲಿಯನ್ನು ಬೀರುವಿನ ತಲೆಯ ಮೇಲೇ ಇಟ್ಟೆ. ನಿನ್ನಪ್ಪನ ಬುದ್ಧಿ ಅಷ್ಟೇ.

ನನಗೆ ಜೊತೆಯಾಗಿರಲು ನಿನ್ನ ಚಿಕ್ಕಮ್ಮ ಬಂದು ಉಳಿದಿದ್ದಳಲ್ಲ. ಅವಳ ಸ್ವಭಾವ ನಿನಗೆ ಗೊತ್ತು. ಬೇರೆಯವರು ಅಳುವ ಕಡೆ ಅವಳು ಒಗೆಯುತ್ತಾಳೆ. ಒಂದು ಮಧ್ಯಾಹ್ನ ಅಂಗಡಿಯಿಂದ ಬಂದು ನೋಡಿದರೆ ಹಿಂದಿನ ಅಂಗಳದ ಹಗ್ಗದ ಉದ್ದಕ್ಕೂ ನಿನ್ನಮ್ಮನ ಬಟ್ಟೆ. ಬೂದು ಸ್ವೆಟರು, ಅಂಚು ಹರಿದ ಶಾಲು, ರಾತ್ರಿ ತಲೆಗೆ ಕಟ್ಟುತ್ತಿದ್ದ ಕರವಸ್ತ್ರ ಸಹ. ‘ಎಲ್ಲಾ ಒಗೆದುಬಿಟ್ಟೆ ಭಾವ. ಅಕ್ಕನ ಬಟ್ಟೆ ಮುಗ್ಗುಲು ಹಿಡೀಬಾರ್ದು’ ಅಂದಳು. ಬೈಯಬೇಕೆಂದು ಬಾಯಿಯವರೆಗೆ ಬಂದದ್ದು ಅವಳ ಕೈ ನೋಡಿ ನಿಂತಿತು. ಬೆರಳೆಲ್ಲ ಬಿಳುಚಿ ಸುಕ್ಕಾಗಿದ್ದವು, ಕಣ್ಣು ಅದಕ್ಕಿಂತ ಊದಿದ್ದವು. ಒಳ್ಳೆ ಕೆಲಸ ಮಾಡಿದೆ ತಾಯಿ ಅಂದೆ. ನೀನು ಕೇಳಿದ್ದು ಅವಳಿಗೆ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಈಗಲೂ ಹೇಳಿಲ್ಲ, ನೀನೂ ಹೇಳಬೇಡ. ಆ ಸಂಜೆ ಬೀರುವಿನೊಳಗೆ ತಲೆ ತೂರಿಸಿ ಮೂಸಿದೆ. ಬರೀ ಸೋಪು.

ಮೊದಲ ಸಂಬಳದಲ್ಲಿ ನೀನು ಯಾವುದೋ ಬಂದರಿನಿಂದ ಅಮ್ಮನಿಗೆ ತಂದ ಸೆಂಟು ನೆನಪಿದೆಯಲ್ಲ, ಗ್ರೀನ್ ಟೀ ಎಂದು ಬರೆದು ಪಕ್ಕದಲ್ಲಿ ಒಂದು ಎಲೆ ಬಿಡಿಸಿದ್ದ ಬಾಟಲಿ? ಮೂಗಿಗೆ ಮೊದಲು ಸಿಹಿ, ಆಮೇಲೆ ಬಿಳಿ ಹೂವಿನಂಥದ್ದು, ಕಟ್ಟಕಡೆಗೆ ಎಲೆ ಜಗಿದಂತೆ ಒಂದಿಷ್ಟು ಒಗರು. ಕುಡಿಯುವುದನ್ನು ಮೈಗೆ ಹಚ್ಚಿಕೊಳ್ಳುತ್ತಾರೆಯೇ ಎಂದು ನಾನು ಕಿಚಾಯಿಸಿದ್ದೆ. ‘ನೀವು ಕುಡಿಯೋ ಚಹಾದಲ್ಲಿ ಸೆಂಟು ಮಾಡಿದ್ರೆ ಹಚ್ಕೊಂಡೋರಿಗೆ ಇರುವೆ ಮುತ್ಕೋತಿದ್ವು’ ಅಂದಿದ್ದಳು. ನೀನೋ ರಜೆಯಲ್ಲಿ ಬಂದಾಗೆಲ್ಲ ಜಗಳ: ‘ಹಾಕ್ಕೋತಾನೇ ಇಲ್ಲ ನೀನು, ಬಚ್ಚಿಟ್ಟಿದ್ದೀಯ!’ ಅವಳು ಹೊಲಿಗೆ ಮಿಷನ್ನಿನಿಂದ ತಲೆಯೆತ್ತದೆ, ‘ಬಳಸ್ತಿದ್ದೀನಿ ಕಣೇ’ ಅನ್ನುತ್ತಿದ್ದಳು. ಅದು ನಿನ್ನ ಬಾಯಿ ಮುಚ್ಚಿಸುವ ಮಾತೆಂದೇ ನಾನೂ ತಿಳಿದಿದ್ದೆ. ಬಾಟಲಿ ಮಾತ್ರ ಕನ್ನಡಿಯ ಮುಂದೆ ಖಾಲಿಯಾಗಿ ನಿಂತಿತ್ತು.

ಆ ಖಾಲಿ ಬಾಟಲಿಯನ್ನು ಜೇಬಿನಲ್ಲಿಟ್ಟುಕೊಂಡು ದೊಡ್ಡ ಅಂಗಡಿಗೆ ಹೋದೆ. ಬೀರುವಿಗೆ ಅದೇ ಸೆಂಟನ್ನು ಸಿಂಪಡಿಸಿಬಿಟ್ಟರೆ ನಿನಗೆ ಗೊತ್ತಾಗುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಕೌಂಟರಿನ ಹುಡುಗಿ, ‘ಅಂಕಲ್, ಇದು ಲೇಡೀಸ್‌ದು’ ಅಂದಳು. ಐ ನೋ, ಐ ನೋ ಅಂದೆ. ‘ಗಿಫ್ಟ್ ಪ್ಯಾಕ್ ಮಾಡ್ಲಾ?’ ಬೇಡವೆಂದರೆ ಯಾಕೆಂದು ಹೇಳಬೇಕಾದೀತೆಂದು ಹೆದರಿ, ಯೆಸ್ ಪ್ಲೀಸ್ ಅಂದುಬಿಟ್ಟೆ. ಅವಳು ನಗುತ್ತ ಗುಲಾಬಿ ಬಣ್ಣದ ರಿಬ್ಬನ್ ಕಟ್ಟಿದಳು. ಮನೆಗೆ ಬಂದು ಮಂಚದ ಮೇಲೆ ಕೂತು ಆ ಗಂಟನ್ನು ನಾನೇ ಬಿಚ್ಚಿದೆ. ಬೀರುವಿಗೆ ಸಿಂಪಡಿಸಿದೆ. ಅದೇ ಸೆಂಟು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೆ ಬಾಗಿಲು ತೆರೆದರೆ ಒಳಗೆ ಯಾರೋ ಅತಿಥಿ ಹೆಂಗಸು ನೀಟಾಗಿ ಸಿಂಗರಿಸಿಕೊಂಡು ನಿಂತಂತಿತ್ತು. ನಿನ್ನಮ್ಮ ಅಲ್ಲ. ನೀನು ಮೂರ್ಖಳಲ್ಲ, ಒಂದೇ ಉಸಿರಿಗೆ ಕಂಡುಹಿಡಿಯುತ್ತಿದ್ದೆ. ಬಾಗಿಲು ಹಾಕಿದೆ. ಆಮೇಲೆ ಎಷ್ಟೋ ದಿನ ಆ ಅತಿಥಿ ಹೋಗಲೇ ಇಲ್ಲ.

ಮೊನ್ನೆ ನಮ್ಮ ಅಂಗಡಿಯ ಯಜಮಾನರು, ‘ನಾವು ಕನ್ನಡಕ ಮಾರೋರು ಸ್ವಾಮಿ. ಹಾಕ್ಕೊಂಡ ಗಿರಾಕಿಗೆ ಮೊದ್ಲು ಕಾಣ್ಸೋದೇ ನಿಮ್ಮ ಶರ್ಟಿನ ಸುಕ್ಕು’ ಅಂದರು. ಅವರ ಮಾತು ಸರಿ. ಹಾಗಾಗಿ ನಿನ್ನೆ ಕಿಟಕಿಯ ಪಕ್ಕದ ನಿನ್ನಮ್ಮನ ಹೊಲಿಗೆ ಮೇಜಿನ ಮೇಲೆ ಇಸ್ತ್ರಿಗೆ ಕೂತೆ. ಅವಳು ಬಿಸಿ ಇಸ್ತ್ರಿಯನ್ನು ಎಂದೂ ನೇರ ಬಟ್ಟೆಗೆ ತಾಗಿಸಿದವಳಲ್ಲ. ನಡುವೆ ಒಂದು ಹಳೆಯ ಹತ್ತಿ ಬಟ್ಟೆ ಹಾಸಿ, ನೀರು ಚಿಮುಕಿಸಿ, ಅದರ ಮೇಲೆ ಒತ್ತುತ್ತಿದ್ದಳು. ಆ ಬಟ್ಟೆ ಹುಡುಕಿದರೆ ಮಿಷನ್ನಿನ ಕೆಳಗೆ ಮುದುರಿಕೊಂಡು ಬಿದ್ದಿತ್ತು. ಮೈತುಂಬ ಸುಟ್ಟ ಕಲೆ, ಹಪ್ಪಳದಂತೆ ಗಡುಸಾಗಿತ್ತು. ‘ಇದು ನೆಲ ಒರ್ಸೋಕೆ ಆಗತ್ತೆ’ ಎಂದು ಚಿಕ್ಕಮ್ಮ ಎಸೆದದ್ದು, ಪುಣ್ಯಕ್ಕೆ ಒರೆಸುವುದನ್ನು ಮರೆತಿದ್ದಳು. ಶರ್ಟಿನ ಮೇಲೆ ಹಾಸಿದೆ. ನೀರು ಚಿಮುಕಿಸಿದೆ. ಒತ್ತಿದೆ.

ಹಬೆ ಎದ್ದಿತು ಮಗಳೇ, ಹಬೆಯ ಜೊತೆ ನಿನ್ನಮ್ಮ ಎದ್ದಳು. ಆ ಸಿಹಿ, ಆ ಹೂವು, ಆ ಒಗರು, ಅದರೊಳಗೆ ಮಿಷನ್ನಿನ ಎಣ್ಣೆ, ಗುರುತು ಹಾಕುವ ಸೀಮೆಸುಣ್ಣ, ಬಿಸಿಯಾದ ಹತ್ತಿ, ಅವಳ ಕತ್ತಿನ ಬೆವರು. ಹಿಂದಿನಿಂದ ಬಂದು ‘ಕಾಲರು ಮೊದ್ಲು ಮಾಡ್ಬೇಕು, ತೋಳು ಆಮೇಲೆ’ ಎಂದು ಬೈಯುತ್ತಾಳೆಂದು ನಿಜಕ್ಕೂ ತಿರುಗಿ ನೋಡಿದೆ. ಇಸ್ತ್ರಿ ಎತ್ತಿದೊಡನೆ ಹೋದಳು. ಮತ್ತೆ ಒತ್ತಿದೆ. ಈ ಸಲ ಸ್ವಲ್ಪ ಕಡಿಮೆ ಬಂದಳು. ಹೆದರಿ ಪ್ಲಗ್ ಕಿತ್ತೆ. ಶರ್ಟು ಅರ್ಧಕ್ಕೇ ನಿಂತಿದೆ: ಎಡಗಡೆ ಆಫೀಸರು, ಬಲಗಡೆ ನಿನ್ನಪ್ಪ.

ಸಂಜೆ, ನಿನ್ನಮ್ಮನಿಗೆ ಹೊಲಿಯಲು ಕೊಟ್ಟಿದ್ದ ಕೋಟನ್ನು ಒಯ್ಯಲು ಬ್ಯಾಂಕಿನ ಗುಮಾಸ್ತೆ ಬಂದಿದ್ದರು. ವಿಷಯ ತೆಗೆದರೆ ಆಕೆಗೆ ಎಲ್ಲ ಗೊತ್ತಿತ್ತು. ‘ಅವ್ರು ಹೊಲಿದ ಬಟ್ಟೆ ಮನೆಗೆ ತಂದ್ರೆ ನಾವೆಲ್ಲ ಮೊದ್ಲು ಮೂಸೋದೇ. ಇಸ್ತ್ರಿ ನೀರಿಗೆ ಎರಡು ಹನಿ ಸೆಂಟು ಬಿಡ್ತಿದ್ರು. ಅಷ್ಟು ಒಳ್ಳೇದನ್ನ ನೀರಿಗೆ ಹಾಕ್ತೀರಲ್ಲ ಅಂದ್ರೆ, ನನ್ನ ಮಗಳು ಕೊಟ್ಟಿದ್ದು, ನಾನೊಬ್ಳೇ ಹಚ್ಕೊಂಡು ಏನು ಮಾಡ್ಲಿ, ಊರೆಲ್ಲ ಹಾಕ್ಕೊಂಡು ಓಡಾಡ್ಲಿ ಅಂತಿದ್ರು’ ಎಂದರು. ಬಳಸುತ್ತಿದ್ದಳು ಕಂದಾ. ದಿನವೂ, ನಿನ್ನ ಉಡುಗೊರೆಯ ಹಬೆಯಲ್ಲೇ ಮುಖವಿಟ್ಟು ನಿಂತಿರುತ್ತಿದ್ದಳು. ನಾವು ಅಮ್ಮನ ವಾಸನೆ ಅನ್ನುತ್ತಿದ್ದದ್ದು ಅದನ್ನೇ.

ಆ ಇಸ್ತ್ರಿ ಬಟ್ಟೆಯನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ, ಸುತ್ತ ಟೇಪು ಅಂಟಿಸಿ ಮೇಲಿನ ಕಪಾಟಿನಲ್ಲಿಟ್ಟಿದ್ದೇನೆ. ಬಿಸಿ ತಾಗಿಸಬಾರದು, ಅಷ್ಟೇ. ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು ಇಡೀ ತರಗತಿಯಿಂದ ಕೂಗಿಸುತ್ತಿದ್ದರು, ಇವಾಪೊರೇಷನ್ ಟೇಕ್ಸ್ ಪ್ಲೇಸ್ ಅಟ್... ಯಾವಾಗಲೋ, ಎಲ್ಲೋ. ಮುಂದಿನದು ಬಾಯಿಗೆ ಬರುತ್ತಿಲ್ಲ. ವರ್ಷದ ಕೊನೆಗೆ ನಿನಗೆ ರಜೆ ಸಿಕ್ಕಾಗ ಬಾ. ಇಬ್ಬರೂ ಕಿಟಕಿ ಮುಚ್ಚಿ, ಆ ಶರ್ಟಿನ ಉಳಿದರ್ಧ ಮುಗಿಸೋಣ. ಅಲ್ಲಿಯವರೆಗೆ ಯಜಮಾನರು ಸುಕ್ಕು ನೋಡಿಕೊಂಡಿರಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕೈಗವಸು ಹಾಕದೆ ಬಿಸಿ ಪೈಪು ಮುಟ್ಟಬೇಡ. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ನೀನಿರುವ ನೀರು ಸದಾ ಶಾಂತವಾಗಿರಲಿ, ನೂರು ಕಾಲ ಬಾಳು ಮಗಳೇ.

ನಿನ್ನ,
ಅಪ್ಪ

ಮರೆತ ಮಾತು: ಲಕೋಟೆಗೆ ಗೋಂದು ಹಚ್ಚುವಾಗ ಉಳಿದರ್ಧ ನೆನಪಾಯಿತು. ಇವಾಪೊರೇಷನ್ ಟೇಕ್ಸ್ ಪ್ಲೇಸ್ ಅಟ್ ಆಲ್ ಟೆಂಪರೇಚರ್ಸ್. ತಣ್ಣಗಿದ್ದರೂ ಆರಿಹೋಗುತ್ತದಂತೆ. ಡಬ್ಬಿಯೊಳಗೂ, ನಾವು ರಜೆಗೆ ಕಾಯುತ್ತಿರುವಾಗಲೂ. ಅದಕ್ಕೇ ಲಕೋಟೆ ಬದಲಿಸಿ ಬಟ್ಟೆಯನ್ನು ಇದರೊಳಗೇ ಇಟ್ಟಿದ್ದೇನೆ. ಅರ್ಧ ನನಗಿರಲಿ ಎಂದು ಅವಳ ಕತ್ತರಿ ತೆಗೆದೆ, ಕೈ ಬರಲಿಲ್ಲ. ಪೂರ್ತಿ ನಿನಗೇ. ನನಗೆ ನಿನ್ನೆ ಸಿಕ್ಕಳು, ಸಾಕು. ಹಡಗಿನಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ ಇಸ್ತ್ರಿ ಇದೆ ಅಂದಿದ್ದೆಯಲ್ಲ. ಯಾರೂ ಇಲ್ಲದಾಗ ಬಾಗಿಲು ಹಾಕಿಕೋ. ನಿನ್ನದೊಂದು ಶರ್ಟಿನ ಮೇಲೆ ಇದನ್ನು ಹಾಸಿ ಬರೀ ನೀರು ಚಿಮುಕಿಸು, ಸೆಂಟು ಬೇಡ. ಮುಖ ಹತ್ತಿರವಿರಲಿ, ಬೇಗ ಹೋಗಿಬಿಡುತ್ತಾಳೆ. ಫೋನಿನಲ್ಲಿ ಅಳದೆ ಇಟ್ಟುಕೊಂಡದ್ದನ್ನೆಲ್ಲ ಅಲ್ಲೇ ಅತ್ತುಬಿಡು. ಅಳು ಬಂದೊಡನೆ ಮೊದಲು ಇಸ್ತ್ರಿ ಎತ್ತಿಡು, ಶರ್ಟು ಸುಟ್ಟೀತು. ಅವಳಿದ್ದಿದ್ದರೆ ಅದನ್ನೇ ಹೇಳುತ್ತಿದ್ದಳು.