ಖಾಲಿ ಓಡಿದ ಗಿರಣಿ

ಸೋಮವಾರ, ಗಿರಣಿ ತೆರೆಯುವ ಮುಂಚೆ

ನನ್ನ ಚೂಟಿಗೆ, ನಿನ್ನ ಅಜ್ಜಿ ಮೊದಲು ಮುತ್ತು ಕೊಟ್ಟು, ಆಮೇಲೆ ಬೈದು ಬರೆಯುವುದು.

ನೀನು ಮಾಡಿ ಕಳಿಸಿದ ಸಿನಿಮಾ ನೋಡಿದೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದು. ನೀನು ಹುಟ್ಟುವ ಮುಂಚಿನ ಗಲಭೆಯ ಆ ವಾರ ನಮ್ಮ ಬೀದಿ ಹೇಗಿತ್ತೋ ಹಾಗೇ ತೋರಿಸಿದ್ದೀಯ. ಒಂದು ಕಡೆಯವರು ದೇವರ ಹೆಸರು ಕೂಗಿಕೊಂಡು ಬಂದರು, ಇನ್ನೊಂದು ಕಡೆಯವರು ಸಿದ್ಧಾಂತ ಕೂಗಿಕೊಂಡು ಬಂದರು. ನಡುವೆ ಸಿಕ್ಕಿಹಾಕಿಕೊಂಡವರು ಹಿಟ್ಟು ಬೀಸುವವರು, ಇಸ್ತ್ರಿ ಮಾಡುವವರು. ಆದರೆ ನಾನು ಬಂದಾಗಲೆಲ್ಲ ಆ ಪಿಟೀಲು ಯಾಕೆ ಕುಯ್ಯಿಸಿದೆ? ನಾನೇನು ಸತ್ತುಹೋಗಿದ್ದೇನಾ?

ನಿನ್ನೆ ಆ ಎರಡೂ ಕಡೆಯವರು ಗಿರಣಿಗೆ ಬಂದಿದ್ದರು, ಬೆಳಗ್ಗೆ ಇವರು, ಮಧ್ಯಾಹ್ನ ಅವರು. ಮಾತು ಮಾತ್ರ ಒಂದೇ. "ಅಜ್ಜೀ, ಮೊಮ್ಮಗಳಿಗೆ ಹೇಳಿ ಆ ಗಿರಣಿ ಸೀನು ತೆಗೆಸಿ. ಇಲ್ಲಾಂದ್ರೆ ಥಿಯೇಟರಲ್ಲಿ ಒಂದು ಕುರ್ಚಿನೂ ಉಳಿಯಲ್ಲ." ಇಬ್ಬರಿಗೂ ಅದರಿಂದ ಮುಖಕ್ಕೆ ಮಸಿಯಂತೆ. "ಆಯ್ತಪ್ಪ, ನಾಳೇನೇ ಕಾಗದ ಬರೀತೀನಿ" ಅಂದೆ. ಬರೆಯುತ್ತಿದ್ದೇನೆ: ತೆಗೆಯಬೇಡ. ಇನ್ನಷ್ಟು ಸೇರಿಸು.

ಕ್ಯಾಮೆರಾ ಮುಂದೆ ನಿನಗೆ ಅರ್ಧ ಹೇಳಿದ್ದೆ. ಇಸ್ತ್ರಿಯವಳನ್ನೂ ಅವಳ ಹಸುಗೂಸನ್ನೂ ಒಳಗೆ ಬಚ್ಚಿಟ್ಟೆ, ಕೂಸಿನ ಅಳು ಬೀದಿಗೆ ಕೇಳದಿರಲಿ ಅಂತ ಕಾಳಿಲ್ಲದೆ ಗಿರಣಿ ಓಡಿಸಿದೆ, ಕಲ್ಲು ಸವೆದು ಹಾಳಾಯಿತು. ಅದೆಲ್ಲ ನಿಜ. ಆದರೆ ಗಿರಣಿ ಅದಕ್ಕೂ ಮೊದಲೇ ಓಡುತ್ತಿತ್ತು, ಚೂಟಿ. ಅವಳೂ ಅವಳ ಗಂಡನೂ ಬಾಗಿಲು ಬಡಿದಾಗ, ಆ ಸದ್ದು ನನ್ನ ಕಿವಿಗೆ ಬೀಳಬಾರದು ಅಂತ ನಾನೇ ಸ್ವಿಚ್ಚು ಹಾಕಿದ್ದೆ. ಒಳಗೆ ನಿಮ್ಮಮ್ಮ ತುಂಬಿದ ಬಸುರಿ, ಹೊಟ್ಟೆಯಲ್ಲಿ ನೀನು. ನೆಪ ಹೇಳುತ್ತಿಲ್ಲ, ಇದ್ದದ್ದು ಹೇಳಿದೆ. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಕಲ್ಲು ನಿಂತಿತು, ಬಡಿತ ನಿಂತಿರಲಿಲ್ಲ. ಆಗ ತೆರೆದೆ. ಮೆಟ್ಟಿಲ ಮೇಲೆ ಅವಳೂ ಕೂಸೂ ಇಬ್ಬರೇ. ಬೇರೆ ಬಾಗಿಲು ನೋಡುತ್ತೇನೆಂದು ಹಿಂದಿನ ಓಣಿಗೆ ಹೋದ ಗಂಡ ತಿರುಗಿ ಬರಲಿಲ್ಲ. ಕೂಸಿಗಾಗಿ ಗಿರಣಿ ಓಡಿಸಿದ್ದು ಕರೆಂಟು ತಿರುಗಿ ಬಂದ ಮೇಲೆ.

ಇದನ್ನು ಹಾಕು. ಅವನನ್ನು ಕೊಂದದ್ದು ನೀವು ಅಂತ ಇವರು, ನೀವೇ ಅಂತ ಅವರು, ಇಪ್ಪತ್ತೈದು ವರ್ಷದಿಂದ ಕಚ್ಚಾಡಿಕೊಂಡು ಆರಾಮಾಗಿದ್ದಾರೆ. ಬಾಗಿಲು ತೆರೆಯದ ತಪ್ಪು ನನ್ನದು ಅಂತ ಒಬ್ಬ ಮುದುಕಿ ಎಲ್ಲರೆದುರು ಒಪ್ಪಿಕೊಂಡರೆ, ತಮ್ಮ ಪಾಲಿನದನ್ನು ಇವರು ಎಲ್ಲಿ ಮುಚ್ಚಿಡುತ್ತಾರೋ ನೋಡೋಣ. ಕುರ್ಚಿ ಮುರಿಯುವವರಿದ್ದರೆ ಮೊದಲು ನಾನು ಕೂತ ಕುರ್ಚಿ ಮುರಿಯಲಿ. ಆ ಪಿಟೀಲು ಕಿತ್ತುಹಾಕಿ ಗಿರಣಿಯ ಸದ್ದು ಹಾಕು. ಕಿವಿ ತೂತಾಗಲಿ.

ನಿನ್ನನ್ನು ಬೈಯಲೆಂದೇ ಗಟ್ಟಿಯಾಗಿರುವ
ಅಜ್ಜಿ

ತಾ.ಕ.: ಅಂಚೆಗೆ ಹಾಕುವ ಮುಂಚೆ, ಹಿಟ್ಟಿಗೆ ಬಂದ ಇಸ್ತ್ರಿಯವಳಿಗೆ ಇದನ್ನು ಓದಿ ಹೇಳಿದೆ. "ಮೊದಲು ಬಡಿದಾಗ್ಲೇ ಕಿಟಕಿ ಸಂದೀಲಿ ನಿಮ್ಮ ಕಣ್ಣು ಕಂಡಿತ್ತು ಅಕ್ಕ. ನೀವಾಗೇ ಹೇಳ್ಲಿ ಅಂತ ಕಾಯ್ತಿದ್ದೆ" ಅಂದಳು. ಇಷ್ಟು ವರ್ಷ ವಾರ ವಾರ ನನ್ನ ಹತ್ತಿರವೇ ಬೀಸಿಸಿಕೊಂಡು ಹೋದವಳು! ಡಬ್ಬ ಎತ್ತಿಕೊಂಡು, ಸಿನಿಮಾಕ್ಕೆ ತಾನೂ ಬರುತ್ತೇನೆ ಅಂದಳು. ಎರಡು ಸೀಟು ಇಡು. ಅಕ್ಕಪಕ್ಕ ಇರಬೇಕೋ ಬೇಡವೋ, ಅವಳನ್ನೇ ಕೇಳು.