ಮಹಾರಾಣಿಯ ಹೆರಿಗೆ

ಬುಧವಾರ, ೧೪ನೇ ತಾರೀಖು

ಗುಬ್ಬಿಗೆ,

ಅಕ್ಕನ ಆಶೀರ್ವಾದಗಳು. ಇಲ್ಲಿ ನಿನ್ನ ಕೋಳಿ ಕ್ಷೇಮ. ಮೊದಲು ಮನೆಮಂದಿಯ ಕ್ಷೇಮ ಬರೆಯಬೇಕೆಂದು ನನಗೂ ಗೊತ್ತು, ಆದರೆ ನೀನು ಮೊದಲು ಹುಡುಕುವುದು ಆ ಸಾಲನ್ನೇ ತಾನೇ? ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ ಮಾರಾಯ್ತಿ. ಶಾಲೆ ತೆರೆಯುವ ಸಮಯ. ಹೊಲಿಗೆ ಮಿಷನ್ನಿನ ಸುತ್ತ ನೀಲಿ ಲಂಗಗಳ ರಾಶಿ ಬಿದ್ದಿದೆ, ನಡೆಯಲು ಜಾಗವಿಲ್ಲ. ಫೋನಿನಲ್ಲೇ ಹೇಳಿಬಿಡೋಣವೆಂದರೆ ಅಮ್ಮ ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕೂರುತ್ತಾಳೆ. ಅವಳೆದುರು ಹೇಳುವ ಮಾತಲ್ಲ ಇದು.

ಶನಿವಾರ ಬೆಳಿಗ್ಗೆ ಮಹಾರಾಣಿ ಗೂಡು ಬಿಟ್ಟು ಇಳಿಯಲಿಲ್ಲ. ಕಾಳು ಹಾಕಿದರೆ ಮುಟ್ಟಲಿಲ್ಲ. ಪುಕ್ಕ ಉಬ್ಬಿಸಿಕೊಂಡು, ಬಾಲ ಕೆಳಗಿಳಿಸಿ, ತುಂಬು ಬಸುರಿಯ ಹಾಗೆ ಕಾಲಗಲಿಸಿ ನಿಂತಿತ್ತು. ಆಗಾಗ ಮುಕ್ಕಿರಿಯುತ್ತಿತ್ತು, ಏನೂ ಬರುತ್ತಿರಲಿಲ್ಲ. ಅಮ್ಮ ನೋಡಿದವಳೇ ಎದೆಯ ಮೇಲೆ ಕೈಯಿಟ್ಟುಕೊಂಡು, “ಅಯ್ಯೋ, ನನ್ನ ಗುಬ್ಬಿಯ ಕೋಳಿಗೆ ಏನೋ ಆಗೋಯ್ತಲ್ಲೇ!” ಎಂದಳು. ಗಮನಿಸು, ‘ನಮ್ಮ ಕೋಳಿ’ ಅಲ್ಲ. ಎರಡು ವರ್ಷದಿಂದ ಅದರ ಗೂಡು ಗುಡಿಸುತ್ತಿರುವವಳು ನಾನು. ನೀನು ಅಂಗೈಯಲ್ಲಿ ಒಂದು ಮರಿ ಹಿಡಿದು ಬಂದು, ಎರಡು ದಿನ ಇದ್ದು, ಅದನ್ನಿಲ್ಲೇ ಬಿಟ್ಟುಹೋದೆ, ಅದು ಮಹಾರಾಣಿಯಾಯಿತು. ನಾನು ಬೆಕ್ಕು ಸಾಕುತ್ತೇನೆ ಎಂದಿದ್ದಾಗ ಇದೇ ಅಮ್ಮ, “ಮನೆಯೆಲ್ಲಾ ಗಲೀಜು, ನನಗಾಗಲ್ಲಪ್ಪ” ಎಂದಿದ್ದಳು.

ಅವತ್ತಿಡೀ ಅವಳು ಗೂಡಿನ ಪಕ್ಕ ಮಣೆ ಹಾಕಿಕೊಂಡು ಕೂತಳು. ತನ್ನ ಮೆತ್ತನೆಯ ಶಾಲು ಮಡಿಸಿ ಕೋಳಿಗೆ ಹಾಸಿದಳು. ಚಮಚದಲ್ಲಿ ನೀರು ಕುಡಿಸಿದಳು. ಹೋದ ತಿಂಗಳು ನನಗೆ ಜ್ವರ ಬಂದು ಏಳಲಾಗದೆ ಮಲಗಿದ್ದಾಗ ಬಾಗಿಲಲ್ಲಿ ನಿಂತು, “ಏ ಇವಳೇ, ಎದ್ದೇಳೋಕಾಗುತ್ತಾ? ಹಾಲು ಉಕ್ತಾ ಇದೆ” ಎಂದಿದ್ದ ಹೆಂಗಸು! ಹೌದು ಕಣೇ, ಹೊಟ್ಟೆಕಿಚ್ಚೇ. ಒಂದು ಕೋಳಿಯ ಮೇಲೆ ಹೊಟ್ಟೆಕಿಚ್ಚು ಪಡುವ ಮಟ್ಟಕ್ಕೆ ನಿನ್ನ ಅಕ್ಕ ಇಳಿದಿದ್ದಾಳೆ. ನಗಬೇಕೆನಿಸಿದರೆ ನಕ್ಕುಬಿಡು.

ಎರಡನೇ ಶನಿವಾರವೆಂದು ಅವತ್ತು ಪಶು ಆಸ್ಪತ್ರೆ ಇರಲಿಲ್ಲ, ಭಾನುವಾರವಂತೂ ಮುಚ್ಚಿರುತ್ತದೆ. ಭಾನುವಾರ ಬೆಳಿಗ್ಗೆ ಮೂಲೆಯ ಮೊಟ್ಟೆ ಅಂಗಡಿಯವನನ್ನು ಕೇಳಿದೆ. “ಮೊಟ್ಟೆ ಸಿಕ್ಕಾಕೊಂಡಿದೆ ಅಕ್ಕಾ. ಬಿಸಿನೀರಲ್ಲಿ ಕೂರಿಸಿ, ಎಣ್ಣೆ ಹಚ್ಚಿ. ಜೋರಾಗಿ ಒತ್ಬೇಡಿ ಮತ್ತೆ, ಒಳಗೇ ಒಡೆದ್ರೆ ಕೋಳಿ ಹೋಯ್ತು ಅಂತಾನೇ” ಎಂದ. ಬಟ್ಟೆ ನೆನೆಸುವ ಅಗಲ ಟಬ್ಬಿಗೆ ಬೆಚ್ಚನೆ ನೀರು ಹಾಕಿ, ಬಚ್ಚಲಲ್ಲಿ ಕಾಲು ಚಾಚಿ ಕೂತು ಅದನ್ನು ಹೊಟ್ಟೆಯ ತನಕ ಮುಳುಗಿಸಿ ಹಿಡಿದೆ. ಅಮ್ಮನ ಕೈ ನಡುಗುತ್ತದೆ, ಅವಳಿಂದ ಆಗುವ ಕೆಲಸವಲ್ಲ. ನಿಜ ಹೇಳಲಾ? ಆಗ ನನಗೊಂದು ಆಸೆ ಹುಟ್ಟಿತು. ಈ ಕೋಳಿಯನ್ನು ನಾನು ಉಳಿಸಬೇಕು, ಅಮ್ಮ ನನ್ನ ಮುಖ ನೋಡಿ, “ನಿನ್ನಿಂದ ಉಳೀತು ಕಣೇ” ಎನ್ನಬೇಕು. ಅಷ್ಟೇ. ಜೀವಮಾನದಲ್ಲಿ ಒಂದು ಸಲ.

ಅಷ್ಟರಲ್ಲಿ ಅಮ್ಮ ನಿನಗೆ ಫೋನ್ ಹಚ್ಚಿದಳು. “ಗುಬ್ಬೀ, ನಿನ್ನ ಕೋಳಿ ಜೊತೆ ಒಂದ್ಮಾತು ಆಡೇ. ನಿನ್ನ ದನಿ ಕೇಳಿದ್ರೆ ಅದಕ್ಕೆ ಧೈರ್ಯ ಬರುತ್ತೆ” ಎಂದವಳೇ ಫೋನನ್ನು ಕೋಳಿಯ ತಲೆಯ ಪಕ್ಕ ಹಿಡಿದಳು. ನೀನು ಅಲ್ಲಿಂದ, “ಬಾರೇ ನನ್ನ ರಾಣಿ, ಇಡೇ ನನ್ನ ಚಿನ್ನ, ಒಂದೇ ಒಂದು!” ಎಂದು ಮುದ್ದುಗರೆದೆ. ನಿನ್ನ ರಾಣಿ ಕಣ್ಣು ಮುಚ್ಚಿಕೊಂಡು ನನ್ನ ಕೈಮೇಲೆ ಹಿಕ್ಕೆ ಹಾಕಿತು. ಆಮೇಲೆ ನೀನು, “ಬಸ್ಸು ಬಂತಮ್ಮಾ, ಇಡ್ತೀನಿ” ಎಂದು ಫೋನ್ ಇಟ್ಟೆ. ಅದು ಮೊಟ್ಟೆ ಇಡಲಿಲ್ಲ.

ನೀನು ಇಟ್ಟ ಮೇಲೆ ನೀರು ಆರಿತು. ಮತ್ತೆ ಕಾಯಿಸಿದೆ. ಮತ್ತೆ ಆರಿತು, ಮತ್ತೆ ಕಾಯಿಸಿದೆ. ಸೊಂಟ ಹಿಡಿದುಕೊಂಡಿತು. ಅಮ್ಮ ಕೂತಲ್ಲೇ ತೂಕಡಿಸುತ್ತಿದ್ದಳು. ಬೆರಳಿಗೆ ಎಣ್ಣೆ ಹಚ್ಚಿಕೊಂಡು ಮೆಲ್ಲಗೆ ಸವರುತ್ತಾ ಹೋದೆ. ಅಂಗಿಗಳ ಗುಂಡಿಮನೆ ಹೊಲಿದು ಹೊಲಿದು ಪಳಗಿದ ಬೆರಳುಗಳು, ಎಲ್ಲಿ ಎಷ್ಟು ಒತ್ತಬೇಕೆಂದು ಅವಕ್ಕೇ ಗೊತ್ತಾಗುತ್ತದೆ. ಕೋಳಿ ಮುಕ್ಕಿರಿದಾಗ ಹಿಂದಿನಿಂದ ಒಂದಿಷ್ಟೇ ಆಸರೆ ಕೊಟ್ಟೆ, ಅದು ಸುಮ್ಮನಾದಾಗ ನಾನೂ ಸುಮ್ಮನಾದೆ. ಅದರ ಎದೆ ನನ್ನ ಅಂಗೈಯಲ್ಲಿ ಡವಡವ ಹೊಡೆದುಕೊಳ್ಳುತ್ತಿತ್ತು. ಸಾಯಬೇಡ್ವೇ ಪುಣ್ಯಾತ್ಗಿತ್ತಿ, ನಿನ್ನ ಮೇಲಿನ ಸಿಟ್ಟೆಲ್ಲ ಸುಳ್ಳು ಎಂದು ಅದರ ಕಿವಿಯಲ್ಲಿ ಹೇಳಿದೆ. ಕೊನೆಗೆ ಒಮ್ಮೆ ಮೈಯೆಲ್ಲ ಬಿಗಿಹಿಡಿದು ಮುಕ್ಕಿರಿಯಿತು ನೋಡು, ಮೊಟ್ಟೆ ಬಂದು ನನ್ನ ಕೈಗೆ ಬಿತ್ತು. ಸೊಟ್ಟಗಿತ್ತು, ಮೇಲೆಲ್ಲ ಗಂಟುಗಂಟು, ಆದರೆ ಒಡೆದಿರಲಿಲ್ಲ. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

“ಅಮ್ಮಾ, ಬಂತು!” ಎಂದು ಕೂಗಿದೆ. ಅಮ್ಮ ತೂಕಡಿಕೆಯಿಂದ ಎಚ್ಚೆತ್ತು ಮೊಟ್ಟೆ ನೋಡಿ ಕೆನ್ನೆ ಬಡಿದುಕೊಂಡಳು. “ನೋಡಿದ್ಯಾ? ಅವಳ ದನಿ ಕೇಳ್ತು, ಇಟ್ಬಿಡ್ತು! ಏನು ಕೈಗುಣವೇ ಆ ಹುಡುಗೀದು!”

“ಫೋನಲ್ಲಿ ಎಲ್ಲಿಂದ ಬಂತಮ್ಮಾ ಕೈಗುಣ?” ಎಂದೆ.

“ಹಾಗಾದ್ರೆ ಬಾಯಿಗುಣ ಅನ್ನು.”

ಅಮ್ಮನ ಹತ್ತಿರ ಉತ್ತರಕ್ಕೇನು ಬರವೇ? ಸಂಜೆಯೊಳಗೆ ಕೇರಿಗೆಲ್ಲ ಸುದ್ದಿಯಾಯಿತು, ಗುಬ್ಬಿ ಫೋನಿನಲ್ಲೇ ಕೋಳಿಯ ಹೆರಿಗೆ ಮಾಡಿಸಿದಳಂತೆ ಎಂದು. ಇಸ್ತ್ರಿಯವಳು ಬಂದು, “ನಿಮ್ಮ ತಂಗಿ ಡಾಕ್ಟರೇನ್ರೀ?” ಎಂದು ಕೇಳಿದಳು. ನಾನು, “ಹೂಂ, ಬಸ್ ಸ್ಟಾಪಿನ ಡಾಕ್ಟರು” ಎಂದೆ. ಹಿತ್ತಲ ಗಿಡ ಮದ್ದಲ್ಲ, ದೂರದ ಬೆಟ್ಟ ನುಣ್ಣಗೆ, ಇಂಥ ಗಾದೆಗಳನ್ನೆಲ್ಲ ನನ್ನಂಥ ಯಾರೋ ದೊಡ್ಡ ಮಗಳೇ ಕಟ್ಟಿರಬೇಕು. ನಿನ್ನ ತಪ್ಪು ಏನೂ ಇಲ್ಲ ಬಿಡು. ಅಮ್ಮ ಮಾತಾಡು ಎಂದಳು, ನೀನು ಮಾತಾಡಿದೆ. ಆದರೂ ಅವತ್ತು ನೀನು ಎದುರಿಗಿದ್ದಿದ್ದರೆ ಆ ಟಬ್ಬಿನ ನೀರನ್ನು ನಿನ್ನ ತಲೆಯ ಮೇಲೇ ಸುರಿಯುತ್ತಿದ್ದೆ.

ಮಹಾರಾಣಿ ಈಗ ಹಿತ್ತಲೆಲ್ಲ ಕೆದರುತ್ತಾ ಓಡಾಡುತ್ತಿದ್ದಾಳೆ. ಒಣಗಿಸಿದ ಮೊಟ್ಟೆಚಿಪ್ಪನ್ನು ಪುಡಿ ಮಾಡಿ ಕಾಳಿಗೆ ಬೆರೆಸಿ ಹಾಕುತ್ತಿದ್ದೇನೆ. ಅಮ್ಮನ ಮಂಡಿನೋವು ಇದ್ದಂತೆಯೇ ಇದೆ, ಹಸಿವು ನಿದ್ದೆ ಚೆನ್ನಾಗಿದೆ. ನಿನ್ನ ಕೆಮ್ಮು ಹೇಗಿದೆ? ಹೊತ್ತು ಹೊತ್ತಿಗೆ ಉಣ್ಣು. ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ಎಲ್ಲಿದ್ದರೂ ತಣ್ಣಗಿರು, ನಿನಗೆ ಮುಳ್ಳೊಂದೂ ಚುಚ್ಚದಿರಲಿ. ಇದನ್ನು ಹೊಟ್ಟೆಕಿಚ್ಚಿನಿಂದಲ್ಲ, ಹೊಟ್ಟೆಯೊಳಗಿನಿಂದಲೇ ಬರೆದಿದ್ದೇನೆ.

ಇತಿ,
ನಿನ್ನ ಅಕ್ಕ

ಮತ್ತೊಂದು ಮಾತು: ಬರೆಯಬಾರದೆಂದುಕೊಂಡಿದ್ದೆ, ಆದರೆ ಕವರು ಅಂಟಿಸಲು ಕೈ ಬರುತ್ತಿಲ್ಲ. ಸೋಮವಾರ ಕೋಳಿಯನ್ನು ಪಶು ಆಸ್ಪತ್ರೆಗೆ ಒಯ್ದೆವು. ಹೊಸ ಡಾಕ್ಟರಮ್ಮ, ನಮ್ಮನ್ನು ಕಂಡವಳಲ್ಲ. “ನನ್ನ ಮಗಳ ಕೋಳಿ. ಅವಳು ದೂರದಲ್ಲಿದ್ದಾಳೆ” ಎಂದಳು ಅಮ್ಮ. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, “ತುಂಬಾ ಹುಷಾರಾಗಿ ತೆಗೆದಿದ್ದಾರೆ. ಯಾರು ತೆಗೆದಿದ್ದು?” ಎಂದಳು. ಅಮ್ಮ ನನ್ನ ಕಡೆ ಬೆರಳು ತೋರಿಸಿದಳು. ಹಳೇ ಸೀರೆ, ಕೆದರಿದ ಕೂದಲು, ಕಂಕುಳಲ್ಲಿ ಕೋಳಿಬುಟ್ಟಿ. ಆ ಡಾಕ್ಟರ್ ಹುಡುಗಿಯದೇನು ತಪ್ಪು? “ಓ, ನಿಮ್ಮ ಮನೆ ಕೆಲಸದವರಾ?” ಎಂದು ಕೇಳಿದಳು. ಅಮ್ಮನ ಕಿವಿ ಎಷ್ಟು ಚುರುಕೆಂದು ನಿನಗೇ ಗೊತ್ತು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ನಾನು ಕಾದೆ. “ಮನೇಲೇ ಇರ್ತಾಳೆ, ಎಲ್ಲಾ ಇವಳೇ ನೋಡ್ಕೊಳ್ಳೋದು” ಎಂದಳು. “ಇಂಥವರು ಸಿಗೋದು ಕಷ್ಟ ಅಮ್ಮಾ, ಬಿಟ್ಟುಹೋಗದ ಹಾಗೆ ನೋಡ್ಕೊಳ್ಳಿ” ಎಂದಳು ಡಾಕ್ಟರಮ್ಮ. ಅಮ್ಮ ನಕ್ಕುಬಿಟ್ಟಳು. “ಅಯ್ಯೋ, ಇವಳು ಎಲ್ಲಿಗೆ ಹೋಗ್ತಾಳೆ ಬಿಡಿ!”

ಗುಬ್ಬೀ, ಎರಡು ಕೈಯಲ್ಲೂ ನಿನ್ನ ಕೋಳಿಯನ್ನು ಹಿಡಿದುಕೊಂಡಿದ್ದೆ. ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ.