ಜ್ವರದ ಮೈಗೆ ಚುಚ್ಚಿದ ಸೂಜಿ

ರೋಗಿಗಳ ಮನೆಗೇ ಇಂಜೆಕ್ಷನ್ ಕಳಿಸುವ ಯೋಜನೆಯ ಮಾನ್ಯ ಅಧಿಕಾರಿಗಳೇ,

ನಮ್ಮವ್ವ ಸೋಮಮ್ಮನಿಗೆ ಆದದ್ದಕ್ಕೆ ‘ಮನೆಯವರ ನಿರ್ಲಕ್ಷ್ಯ’ ಕಾರಣ ಎಂದಿರಿ. ಆ ಮನೆಯವಳು ನಾನೇ, ಮಗಳು. ಅಲ್ಲಗಳೆಯಲು ಬರೆಯುತ್ತಿಲ್ಲ. ನಿಮ್ಮ ಪಾಲನ್ನು ಹೇಳಲು ಮರೆತಿರಿ, ಅದಕ್ಕೆ ಬರೆಯುತ್ತಿದ್ದೇನೆ.

ಅವ್ವನದು ಕೀಲುವಾತ, ಮೈ ತನ್ನ ಕೀಲುಗಳ ಮೇಲೆ ತಾನೇ ಯುದ್ಧಕ್ಕೆ ನಿಲ್ಲುವ ಕಾಯಿಲೆ. ಮೈಯ ಆ ಕಾದಾಡುವ ಶಕ್ತಿಯನ್ನು ತಗ್ಗಿಸಲು ವಾರಕ್ಕೊಂದು ಇಂಜೆಕ್ಷನ್. ಹೊಟ್ಟೆಯ ಚರ್ಮ ಹೇಗೆ ಹಿಡಿಯಬೇಕು, ವಾರವಾರ ಜಾಗ ಹೇಗೆ ಬದಲಿಸಬೇಕು, ಬಳಸಿದ ಸೂಜಿಯನ್ನು ಎಲ್ಲಿ ಹಾಕಬೇಕು ಎಲ್ಲ ಕಲಿಸಿದಿರಿ. ಯಾವಾಗ ಚುಚ್ಚಬಾರದು ಎಂಬುದೊಂದನ್ನು ಬಿಟ್ಟು. ಅದು ಇಂಜೆಕ್ಷನ್ ಡಬ್ಬಿಯೊಳಗಿನ ಇಂಗ್ಲಿಷ್ ಹಾಳೆಯಲ್ಲಿದೆಯಂತೆ. ಬಿಚ್ಚಿದರೆ ಪಂಚೆಯಷ್ಟು ಅಗಲವಾಗುವ ಆ ಹಾಳೆಯನ್ನು ಹಂಪಾಪುರದಲ್ಲಿ ಯಾರು ಓದಿಯಾರು ಎಂದುಕೊಂಡಿರಿ? ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ ನಾನೇ?

ಶುಂಠಿ ಹೊಲದಿಂದ ಬಂದ ಅವ್ವ ಜ್ವರದಲ್ಲಿ ನಡುಗುತ್ತ ಮಲಗಿದಳು. ಕಾಲ್ಬೆರಳಿನ ಗಾಯ ಕೀವಾಗಿತ್ತು.

“ಏಳವ್ವ, ಆಸ್ಪತ್ರೆಗೆ ಓಗವ” ಎಂದೆ.

“ಅಲ್ಲೋದ್ರೂ ಸೂಜೀನೇ ತಾನೆ ಆಕೋದು? ಮನೇಲೇ ಮಡಿಕಂಡು ಊರೆಲ್ಲಾ ಅಲೀಬೇಕಾ? ಆಕ್ಬುಡು ಮಗ.”

ನಮ್ಮ ಕಡೆ ಜ್ವರಕ್ಕೆ ಸೂಜಿ ಹಾಕದ ಡಾಕ್ಟರು ಡಾಕ್ಟರೇ ಅಲ್ಲ. ಇದು ನಿಮಗೆ ತಿಳಿಯದ್ದೇ? ಆದರೂ ನನಗೆ ಅನುಮಾನ ಬಂತು. ನಿಮ್ಮ ನರ್ಸಮ್ಮನ ನಂಬರು ಫೋನಿನಲ್ಲಿತ್ತು. ಇಷ್ಟೂ ಗೊತ್ತಿಲ್ಲವಾ ಎಂದಾರೆಂಬ ನಾಚಿಕೆಗೆ ಒತ್ತಲಿಲ್ಲ. ಗುರುವಾರದ ಸೂಜಿಯನ್ನು ಮಂಗಳವಾರವೇ ಚುಚ್ಚಿದೆ. ಕೀವಿನೊಡನೆ ಹೋರಾಡುತ್ತಿದ್ದ ಮೈಯ ಕೈ ಕಟ್ಟಿದೆ. ನಂಜು ರಕ್ತಕ್ಕೇರಿ ಅವ್ವ ಮೈಸೂರಿನ ತುರ್ತು ವಾರ್ಡು ಸೇರಿದಳು. ಅವ್ವ ಉಳಿದಳು, ಬೆರಳು ಉಳಿಯಲಿಲ್ಲ.

ಈಗ ಅವ್ವ ಊರಿಗೆಲ್ಲ ಹೇಳುತ್ತಾಳೆ: “ನನ್ ಮಗ್ಳು ಸೂಜಿ ಆಕಿದ್ಕೇ ಜೀವ ನಿಂತದೆ ಕಣ್ರೀ.” ಅದರಿಂದಲೇ ಕೆಟ್ಟಿತು ಎಂದು ನಾನೇ ಹೇಳಿದರೆ, “ಬುಡು, ನೀನೇನ್ ಡಾಕ್ಟ್ರಾ?” ಎನ್ನುತ್ತಾಳೆ. ಅವಳ ಮಾತು ನಂಬಿ ಪಕ್ಕದ ಬೀದಿಯ ಚನ್ನಬಸವಣ್ಣ ಬಂದರು. ಅವರ ಹೆಂಡತಿ ಪುಟ್ಟಮಲ್ಲಮ್ಮನಿಗೂ ಕೀಲುವಾತ, ಆಕೆಗೂ ನೀವು ಅದೇ ಡಬ್ಬಿ ಕಳಿಸಿದ್ದೀರಿ, ಅದೇ ಹಾಳೆಯ ಸಮೇತ. “ನಿನ್ ಕೈಗುಣ ಚೆನ್ನಾಗದೆ, ನೀನೇ ಆಕವ್ವ” ಎಂದರು. ಅವರನ್ನು ಹಾಗೇ ಕಳಿಸಿ ಈ ಕಾಗದ ಬರೆಯಲು ಕೂತೆ.

ಡಬ್ಬಿ ಕೊಡುವ ಮೊದಲು, ಜ್ವರ, ಕೆಮ್ಮು, ಕೀವು ಏನಿದ್ದರೂ ಚುಚ್ಚದೆ ಫೋನ್ ಮಾಡಿ ಎಂದು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ. ನಮ್ಮ ಬಾಯಲ್ಲೂ ಹೇಳಿಸಿ. ಫೋನ್ ಮಾಡಿದವರನ್ನು ಗದರಬೇಡಿ. ಪುಟ್ಟಮಲ್ಲಮ್ಮನ ಮನೆಯಿಂದಲೇ ಶುರುಮಾಡಿ. ನಿಮ್ಮವರು ಬರುವವರೆಗೆ ನಾನು ಆಕೆಗೆ ಚುಚ್ಚುವುದಿಲ್ಲ. ಅಲ್ಲಿಯವರೆಗೆ ಆಕೆ ಕೀಲುನೋವಿನಲ್ಲಿ ನರಳುವ ಒಂದೊಂದು ದಿನದ ಪಾಪವೂ ನಿಮ್ಮ, ನನ್ನ ಇಬ್ಬರ ತಲೆಯ ಮೇಲೆ.

ಇಂತಿ,
ಅವ್ವನಿಂದ ಒಂದು ಬೈಗುಳವೂ ಸಿಗದ ಮಗಳು,
ಪವಿತ್ರಾ, ಹಂಪಾಪುರ